ಶನಿಯ ಉಂಗುರಕ್ಕೆ ನಾಲ್ಕು ಮಾರ್ಕು

ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಗಳಲ್ಲೆಲ್ಲ ಗಲ್ಲಾಪೆಟ್ಟಿಗೆಯ ಮೇಲೆ ಲಕ್ಷ್ಮಿಯ ಫೋಟೋ ಇರುತ್ತದೆ. ನನ್ನ ಅಂಗಡಿಯಲ್ಲಿ ಅದೇ ಜಾಗದಲ್ಲಿ, ಗಾಜಿನ ಕಟ್ಟು ಹಾಕಿಸಿದ ಒಂದು ಸೊನ್ನೆ ಇದೆ.

ಅದು ಒಂಬತ್ತನೇ ಕ್ಲಾಸಿನ ನನ್ನ ವಿಜ್ಞಾನದ ಉತ್ತರ ಪತ್ರಿಕೆ, 1993ರದು. ಶನಿಗ್ರಹದ ಚಿತ್ರ ಬರೆಯಿರಿ, ನಾಲ್ಕು ಅಂಕ, ಎಂದು ಕೇಳಿದ್ದರು. ಬರೆದೆ. ಪುಸ್ತಕದಲ್ಲಿ ಉಂಗುರ ರೊಟ್ಟಿಹಂಚಿನ ಹಾಗೆ ನೆಲಕ್ಕೆ ಸಮನಾಗಿ ಮಲಗಿತ್ತು. ನನ್ನದು ಒಂದು ಕಡೆಗೆ ವಾಲಿತ್ತು. ವಿಜ್ಞಾನದ ಮರುಳಪ್ಪ ಮಾಸ್ತರು ಕೆಂಪು ಪೆನ್ನಿನಲ್ಲಿ ದುಂಡಗೆ ಸೊನ್ನೆ ಸುತ್ತಿ, ಪಕ್ಕದಲ್ಲಿ ‘ಉಂಗುರ ಸೊಟ್ಟ’ ಎಂದು ಷರಾ ಬರೆದರು. ಎರಡು ಮಾರ್ಕು ಕಮ್ಮಿ ಬಿದ್ದು ನಾನು ಫೇಲಾದೆ.

ಕೇಳಲು ಹೋದೆ. “ಪುಸ್ತಕದಾಗ ಹೆಂಗೈತಿ ಹಂಗ ಬರೀಬೇಕು” ಎಂದರು.

“ಆಕಾಶದಾಗ ಹೆಂಗೈತ್ರಿ ಸರ್?”

“ಆಕಾಶ ಸಿಲೆಬಸ್‌ನಾಗ ಇಲ್ಲ.”

ಪತ್ರಿಕೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಎದ್ದು ಬಂದವನು ಮತ್ತೆ ಆ ಗೇಟು ದಾಟಲಿಲ್ಲ. ಟಿ.ಸಿ. ತರಲಿಕ್ಕೂ ಹೋಗಲಿಲ್ಲ. ರೇಡಿಯೋ, ಮಿಕ್ಸಿ, ಟೇಬಲ್ ಫ್ಯಾನು ರಿಪೇರಿ ಕಲಿತೆ. ಇಲ್ಲಿ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಶನಿಯ ಉಂಗುರ ಸೊಟ್ಟಗಿದೆಯೆಂದು ಆಗ ನನಗೂ ಗೊತ್ತಿರಲಿಲ್ಲ. ನನ್ನ ಬೆಂಚಿನ ಒಂದು ಕಾಲು ಗಿಡ್ಡವಿತ್ತು, ಅಷ್ಟೆ. ಆದರೆ ಸಿಟ್ಟು ಬರಬೇಕಾದರೆ ಮೊದಲು ವಿಷಯ ಗೊತ್ತಿರಬೇಕೆಂದು ಯಾವ ಕಾನೂನಿದೆ?

ಹನ್ನೊಂದು ವರ್ಷ ಆ ಸೊನ್ನೆಯ ಕೆಳಗೆ ಕೂತು ಬೆಸುಗೆ ಹಾಕಿದೆ. ಕೊನೆಗೆ ಒಂದು ದುರ್ಬೀನೇ ಮಾಡಿಬಿಟ್ಟೆ. ಕಲ್ಕತ್ತೆಯಿಂದ ಪಾರ್ಸಲ್ ತರಿಸಿದ ನಾಲ್ಕೂವರೆ ಇಂಚಿನ ಕನ್ನಡಿ, ನೀರು ಬೀಳದ ಬೋರ್‌ವೆಲ್ಲಿನಿಂದ ಉಳಿದ ಕೇಸಿಂಗ್ ಪೈಪು, ಅತ್ತಿತ್ತ ತಿರುಗಿಸಲು ಟೇಬಲ್ ಫ್ಯಾನಿನ ಕುತ್ತಿಗೆ. 2004ರ ಫೆಬ್ರವರಿಯಲ್ಲಿ ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಅಂಗಡಿಯ ಮಾಳಿಗೆಯ ಮೇಲೆ ನಿಂತು ನೆತ್ತಿಯ ಮೇಲಿದ್ದ ಶನಿಗೆ ಅದನ್ನು ಹಿಡಿದೆ.

ಉಂಗುರ ಇತ್ತು. ಸೊಟ್ಟಗೇ ಇತ್ತು.

ಆ ಕ್ಷಣ ನನ್ನಲ್ಲಿ ಯಾವ ಭಕ್ತಿಯೂ ಹುಟ್ಟಲಿಲ್ಲ, ಕಣ್ಣಲ್ಲಿ ನೀರೂ ಬರಲಿಲ್ಲ. ಮೆಟ್ಟಿಲನ್ನು ಎರಡೆರಡಾಗಿ ಇಳಿದು ಓಡಿದೆ. ಮರುಳಪ್ಪ ಮಾಸ್ತರು ಆ ಹೊತ್ತಿಗೆ ದಿನಾ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ ತಿನ್ನುತ್ತಿರುತ್ತಾರೆ.

“ಸರ್, ಬರ್ರಿ. ಸೊಟ್ಟಗೈತಿ.”

ಮಾಸ್ತರು ಮೆಣಸಿನಕಾಯಿ ಬಜ್ಜಿಯ ತೊಟ್ಟು ತೆಗೆದು ತಟ್ಟೆಯ ಅಂಚಿಗಿಟ್ಟರು. “ಯಾವುದಪಾ ಸೊಟ್ಟಗೈತಿ?”

“ಶನಿ ಉಂಗುರ. ನಮ್ಮ ಮಾಳಿಗಿ ಮ್ಯಾಲೆ ದುರ್ಬೀನು ಐತಿ. ಬಂದು ಕಣ್ಣಿಟ್ಟು ನೋಡ್ರಿ.”

“ಆ ಬೋರ್‌ವೆಲ್ ಪೈಪಿನಾಗೇನು?” ಹೋಟೆಲಿನವರೆಲ್ಲ ಕೇಳುವಂತೆ ಹೇಳಿದರು. “ಲೇ ಓಬಳೇಶ, ಅದರಾಗ ನೀರೇ ಕಾಣಲಿಲ್ಲ. ಇನ್ನ ಗ್ರಹ ಕಾಣ್ತೈತೇನು?”

ಹೋಟೆಲು ನಕ್ಕಿತು. ನಾನು ನಗಲಿಲ್ಲ.

“ನೀವು ಬಂದು ನೋಡಾತನಕ ನಾ ಇಲ್ಲಿಂದ ಏಳಂಗಿಲ್ಲ.”

“ಕಣ್ಣು ಸುಳ್ಳು ಹೇಳ್ತೈತಿ. ಒಂಬತ್ತನೇ ಕ್ಲಾಸ್ ಫೇಲಾದೋನ ಪೈಪಿಗೆ ನಾನು ಹೋಗಿ ಬಗ್ಗಬೇಕೇನು? ಆಧಾರ ಬೇಕು. ಫೋಟೋ ತಗೊಂಡು ಬಾ. ಉಂಗುರ ಸೊಟ್ಟಗಿದ್ರ ನಿನ್ನ ನಾಲ್ಕು ಮಾರ್ಕು ನಿಂಗ ಕೊಡ್ತೀನಿ.”

“ಉಗಾದಿ ಒಳಗ ತರ್ತೀನಿ.”

“ತರದಿದ್ರ?”

ನನ್ನ ಬಾಯಿಗೂ ತಲೆಗೂ ನಡುವೆ ಇರುವ ವೈರು ಯಾವಾಗಲೂ ಸ್ವಲ್ಪ ಸಡಿಲ. “ತರದಿದ್ರ ವಾಪಸ್ ಬಂದು ಒಂಬತ್ತನೇ ಕ್ಲಾಸಿನಾಗ ಕೂಡ್ತೀನಿ. ಚಡ್ಡಿ ಹಾಕ್ಕೊಂಡು.”

ಇಪ್ಪತ್ತೈದು ವರ್ಷದ ಗಂಡಸು, ಸ್ವಂತ ಅಂಗಡಿಯ ಮಾಲೀಕ, ಹನ್ನೊಂದು ಜನ ಸಾಕ್ಷಿಗಳ ಎದುರು ಹೀಗೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಹೀಗೆ ನನಗೆ ಒಂದು ಕ್ಯಾಮೆರಾ ಬೇಕಾಯಿತು.

ಮೊದಲು ಹೊಸಪೇಟೆಗೆ ಹೋದೆ. ದೊಡ್ಡ ಅಂಗಡಿಯ ಹುಡುಗ ಡಿಜಿಟಲ್ ಕ್ಯಾಮೆರಾ ತೋರಿಸಿ ಹದಿನೆಂಟು ಸಾವಿರ ಎಂದ. ನನ್ನ ಅಂಗಡಿಯನ್ನು ನನ್ನ ಸಮೇತ ಮಾರಿದರೂ ಅಷ್ಟು ಹುಟ್ಟುವುದಿಲ್ಲ.

“ಯಾರ ಮದುವಿಗ್ರಿ?” ಎಂದು ಕೇಳಿದ.

“ಮದುವಿ ಅಲ್ಲ, ಶನಿಗೆ.”

ಹುಡುಗ ಕ್ಯಾಮೆರಾವನ್ನು ಮೆಲ್ಲಗೆ ಕೈಯಿಂದ ತೆಗೆದುಕೊಂಡು ಕಪಾಟಿನೊಳಗಿಟ್ಟು ಬೀಗ ಹಾಕಿದ.

ಎರಡನೆಯ ದಾರಿ ಪುಕ್ಕಟೆಯದಾಗಿತ್ತು. ನನ್ನ ಅಂಗಡಿಯ ಪಕ್ಕದಲ್ಲೇ ಅರುಣಕುಮಾರನ ಫೋಟೋ ಸ್ಟುಡಿಯೋ. ಅವನು ನನ್ನ ಜೊತೆ ಅದೇ ಗಿಡ್ಡ ಬೆಂಚಿನಲ್ಲಿ ಕೂತಿದ್ದವನು, ಪಾಸಾದವನು. ಮದುವೆಗಳಿಗೆ ಅವನ ಹತ್ತಿರ ಒಂದೇ ಒಂದು ಒಳ್ಳೆಯ ರೀಲು ಕ್ಯಾಮೆರಾ ಇತ್ತು. ಅದರ ಮೂತಿಯನ್ನು ದುರ್ಬೀನಿನ ಕಣ್ಣಿಗೆ ಹಚ್ಚಿ ಸೈಕಲ್ ಟ್ಯೂಬಿನ ರಬ್ಬರಿನಿಂದ ಬಿಗಿದು, ಮೂವತ್ತಾರು ಫೋಟೋ ಹೊಡೆದೆವು. ರೀಲು ತೊಳೆಸಿ ತಂದಾಗ ಮೂವತ್ತೈದು ಪೂರ್ತಿ ಕಪ್ಪು. ಒಂದರ ನಡುವೆ ಎಳ್ಳುಕಾಳಿನಷ್ಟು ಚುಕ್ಕಿ.

ಅರುಣಕುಮಾರನ ತಾಯಿ ಅನ್ನದಾನಮ್ಮ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. “ಯಾರದಿದು?”

“ಶನೀದು ಅಮ್ಮ” ಎಂದೆ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಆ ದಿನ ಇದ್ದಿದ್ದರೆ ಚೆನ್ನಾಗಿತ್ತು.

ಅನ್ನದಾನಮ್ಮ ಫೋಟೋವನ್ನು ಕೆಳಗಿಟ್ಟು ಕೈ ಒರೆಸಿಕೊಂಡರು. “ಎಳ್ಳು ಬೇಡಾಕ ಹತ್ಯಾನ. ನೋಡು, ಎಳ್ಳಾಗೇ ಬಂದು ಕುಂತಾನ. ಲೇ ಅರುಣ, ಮದುಮಕ್ಕಳನ್ನ ನೋಡೋ ಕ್ಯಾಮೆರಾದಾಗ ಅವನ್ನ ನೋಡಿದಿ? ನೀವು ಅವನ್ನ ನೋಡಿದ್ರ ಅವಾ ನಿಮ್ಮನ್ನ ನೋಡಂಗಿಲ್ಲೇನು?”

“ಅಮ್ಮ, ಅವಾ ಕೋಟಿಗಟ್ಲೆ ಮೈಲಿ ದೂರ ಅದಾನ” ಎಂದೆ.

“ಆ ಪೈಪು ಎಷ್ಟು ದೊಡ್ಡದು ಮಾಡ್ತೈತಿ?”

“ಅರವತ್ತು ಪಟ್ಟು.” ಇದನ್ನು ನಾನು ಹೆಮ್ಮೆಯಿಂದಲೇ ಹೇಳಿದೆ.

“ಬರೇ ಹಂಗೇ ಹಿಡಿದ್ರ ಏಳೂವರೆ ವರ್ಷ ಕಾಡ್ತಾನ. ಏಳೂವರೆ ಅರವತ್ತಲೆ ಎಷ್ಟಾತು?”

“ನಾನೂರೈವತ್ತು” ಎಂದ ಅರುಣಕುಮಾರ. ಅವನು ಲೆಕ್ಕದಲ್ಲಿ ಪಾಸಾದದ್ದಕ್ಕೆ ನನಗೆ ಬೇಸರವಾದದ್ದು ಅದೇ ಮೊದಲು.

ನಾನೂರೈವತ್ತು ವರ್ಷದ ಸಾಡೇಸಾತಿ. ಸಂಜೆಯ ಹೊತ್ತಿಗೆ ಈ ಅಂಕಿ ಬಸ್‌ಸ್ಟ್ಯಾಂಡು ದಾಟಿತು. ಮಾರನೆಯ ದಿನದ ಮೊದಲ ಬಸ್ಸಿನಲ್ಲಿ ಕೊಟ್ಟೂರಿಗೆ, ಅಲ್ಲಿಂದ ಹರಪನಹಳ್ಳಿಗೆ ಹೋಯಿತು. ನಮ್ಮ ಕಡೆ ಪತ್ರ ಮುಟ್ಟಲು ನಾಲ್ಕು ದಿನ ಬೇಕು, ಇಂಥದಕ್ಕೆ ಒಂದೇ ಬಸ್ಸು ಸಾಕು. ಮೂರನೆಯ ದಿನ ಹರಪನಹಳ್ಳಿಯಿಂದ ಉಜ್ಜಿನಪ್ಪ ಎಂಬ ಹಿರಿಯರು ಸ್ಟುಡಿಯೋಕ್ಕೆ ಬಂದು ಕೂತರು. ಮಗಳ ಮದುವೆಯ ಫೋಟೋ ಅರುಣಕುಮಾರನಿಗೇ ಒಪ್ಪಿಸಿದ್ದವರು.

“ತಮ್ಮಾ, ತಪ್ಪು ತಿಳೀಬೇಡ. ನಿನ್ನ ಕೆಲಸ ಚಲೋ ಐತೆ. ಆದ್ರೆ ಬೀಗರು ಕೇಳ್ತಾರೆ, ಆ ಕ್ಯಾಮೆರಾ ಏನೇನು ನೋಡೈತೆ ಅಂತ. ನಾನೇನು ಹೇಳ್ಲಿ? ಹೆಣ್ಣು ಕೊಡೋರು ನಾವು.”

“ಕಾಕಾ, ಬರೇ ಒಂದು ಚುಕ್ಕಿ ಬಂದೈತ್ರಿ” ಎಂದ ಅರುಣಕುಮಾರ.

“ಒಂದು ಚುಕ್ಕಿಗೇ ಇಷ್ಟು ಸುದ್ದಿ ಆಗೈತೆ. ಇನ್ನ ಪೂರ್ತಿ ಬಂದಿದ್ರೆ?”

ಉಜ್ಜಿನಪ್ಪನವರ ಹಿಂದೆ ಇನ್ನೂ ಎರಡು ಮದುವೆ ಕೈಬಿಟ್ಟವು. ಆಗ ಅನ್ನದಾನಮ್ಮ, ಮಗನ ಹೊಟ್ಟೆಪಾಡು ಉಳಿಸಲೇಬೇಕೆಂದು, ಯಾರನ್ನೂ ಕೇಳದೆ ಪರಿಹಾರ ಮಾಡಿದರು. ಶನಿವಾರ ಬೆಳಗ್ಗೆ ಕ್ಯಾಮೆರಾವನ್ನು ಮಣೆಯ ಮೇಲೆ ಕೂರಿಸಿ, ಕರಿ ಅರಿವೆ ಸುತ್ತಿ, ಮುಚ್ಚಳ ತೆಗೆದು, ಕಾಲು ಸೇರು ಎಳ್ಳೆಣ್ಣೆಯ ಅಭಿಷೇಕ ನೆರವೇರಿಸಿದರು. ಹನ್ನೊಂದು ಸುತ್ತು. ಲೆನ್ಸಿನಿಂದ ಒಳಹೊಕ್ಕ ಎಣ್ಣೆ ರೀಲಿನ ಬಾಗಿಲಿನಿಂದ ಹೊರಬಂತು. ಶನಿ ಬಿಟ್ಟನೋ ಇಲ್ಲವೋ ಗೊತ್ತಿಲ್ಲ, ಗುಂಡಿ ಒತ್ತಿದರೆ ಕ್ಯಾಮೆರಾದಿಂದ ಒಗ್ಗರಣೆಯ ವಾಸನೆ ಬರತೊಡಗಿತು.

ಅರುಣಕುಮಾರ ಅದನ್ನು ಎರಡು ಕೈಯಲ್ಲಿ ಹಿಡಿದು ನನ್ನ ಅಂಗಡಿಗೆ ಬಂದ. ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ.

“ಬಿಚ್ಚಿ ತೊಳೀತೀಯೇನಲೇ?”

“ತೊಳೀತೀನಿ. ನಿಮ್ಮವ್ವ ಮಾಡಿದ್ದು ಸರಿ ಐತೇನು?”

“ನೀ ಮಾಡಿದ್ದು ಸರಿ ಐತೇನು?”

ಪೆಟ್ರೋಲಿನಲ್ಲಿ ಒಂದೊಂದು ಸ್ಕ್ರೂ ತೊಳೆದು ಕೂಡಿಸಲು ಎಂಟು ದಿನ ಹಿಡಿಯಿತು. ಶಟರು ನಡೆಯಿತು. ಲೆನ್ಸಿನ ಒಳಮೈಯಲ್ಲಿ ಮಾತ್ರ ತೆಳ್ಳನೆಯ ಎಣ್ಣೆಯ ಪೊರೆ ಉಳಿಯಿತು, ಏನು ಮಾಡಿದರೂ ಹೋಗಲಿಲ್ಲ. ಇನ್ನು ಆ ಕ್ಯಾಮೆರಾ ಕೇಳುವ ಮುಖ ನನಗಿರಲಿಲ್ಲ. ಉಗಾದಿಗೆ ಹದಿನೈದು ದಿನ ಬಾಕಿ. ಹೋಟೆಲಿನಲ್ಲಿ ಮರುಳಪ್ಪ ಮಾಸ್ತರು ನನ್ನನ್ನು ಕಂಡಾಗಲೆಲ್ಲ, “ಚಡ್ಡಿ ಹೊಲಿಸಾಕ ಕೊಟ್ಟಿಯೇನು?” ಎಂದು ವಿಚಾರಿಸುತ್ತಿದ್ದರು.

ಬಸ್‌ಸ್ಟ್ಯಾಂಡಿನ ಕಾಂಪ್ಲೆಕ್ಸಿನ ಮಹಡಿಯಲ್ಲಿ ಸುಮಲತಾ ಎಂಬಾಕೆ ಸೈಬರ್ ಸೆಂಟರ್ ನಡೆಸುತ್ತಿದ್ದಳು. ನಾಲ್ಕು ಕಂಪ್ಯೂಟರು, ಒಂದು ಯು.ಪಿ.ಎಸ್., ಅವಳ ನಾಲಿಗೆ, ಇವಿಷ್ಟೇ ಅಲ್ಲಿಯ ಆಸ್ತಿ. ಯು.ಪಿ.ಎಸ್. ರಿಪೇರಿಗೆ ಹೋದಾಗ ನನ್ನ ಕಷ್ಟ ಹೇಳಿಕೊಂಡೆ. ಅವಳು ಏನೇನೋ ಒತ್ತಿ ಒಂದು ಇಂಗ್ಲಿಷ್ ಪುಟ ತೆಗೆದು ಓದಿ ಹೇಳಿದಳು.

“ಯಾವುದೋ ದೇಶದ ರಿಟೈರ್ ಆದ ಅಜ್ಜ ಬರದಾನ. ದೊಡ್ಡ ಕ್ಯಾಮೆರಾ ಬ್ಯಾಡಂತ. ಇದು ಐತಲ್ಲ, ಇದು ಸಾಕಂತ.”

ಅವಳು ತೋರಿಸಿದ್ದು ಕಂಪ್ಯೂಟರಿನ ತಲೆಯ ಮೇಲೆ ಕೂತಿದ್ದ ವೆಬ್‌ಕ್ಯಾಮು. ದುಬೈಯಲ್ಲಿರುವ ಗಂಡಂದಿರಿಗೆ ಇಲ್ಲಿಯ ಹೆಂಡಿರು ಮಕ್ಕಳ ಮುಖ ತೋರಿಸುತ್ತಿದ್ದ ನಿಂಬೆಹಣ್ಣಿನ ಗಾತ್ರದ ವಸ್ತು. ಹೊಸದಕ್ಕೆ ಸಾವಿರದ ಇನ್ನೂರು.

“ಇದಾ?”

“ಹೂಂ. ಇದರ ಮುಂದಿನ ಗಾಜು ತಿರುವಿ ತಗೀಬೇಕಂತ. ದುರ್ಬೀನೇ ಇದಕ್ಕ ಗಾಜು. ಒಂದೊಂದು ಸೆಕೆಂಡಿಗೆ ಹತ್ತು ಫೋಟೋ ತಗೀತಂತ. ಗಾಳಿ ಅಲ್ಲಾಡಿ ಒಂಬೈನೂರು ಕೆಟ್ರೂ ಹತ್ತು ಚಲೋ ಬರ್ತಾವಂತ.”

ನನಗೆ ಥಟ್ಟನೆ ಅರ್ಥವಾಯಿತು. ಮದುವೆಯ ಗುಂಪು ಫೋಟೋದಲ್ಲಿ ಯಾರಾದರೊಬ್ಬರು ಕಣ್ಣು ಮುಚ್ಚಿಯೇ ಇರುತ್ತಾರೆ. ಸಾವಿರ ಸಲ ತೆಗೆದರೆ ಒಂದರಲ್ಲಾದರೂ ಎಲ್ಲರ ಕಣ್ಣೂ ತೆರೆದಿರುತ್ತದೆ. ಹದಿನೆಂಟು ಸಾವಿರದ ಕ್ಯಾಮೆರಾ ಒಂದು ಸಲ ಗಂಭೀರವಾಗಿ ನೋಡುತ್ತದೆ, ಈ ನಿಂಬೆಹಣ್ಣು ನಾಚಿಕೆ ಬಿಟ್ಟು ಸಾವಿರ ಸಲ ನೋಡುತ್ತದೆ. ನನ್ನ ಸ್ವಭಾವಕ್ಕೆ ಹೊಂದುವ ಕ್ಯಾಮೆರಾ.

“ನಿನ್ನ ಹಳೇದು ಒಂದು ಕೊಡ್ತೀಯೇನು? ಯು.ಪಿ.ಎಸ್. ಪುಕ್ಕಟೆ ಮಾಡಿಕೊಡ್ತೀನಿ.”

“ತಗೋ. ಆದ್ರ ಮೊದ್ಲೇ ಹೇಳ್ತೀನಿ, ಬಿಚ್ಚಿದ್ದು ಹೆಂಗಿತ್ತೋ ಹಂಗೇ ಕೂಡಿಸಿ ಕೊಡಬೇಕು. ದುಬೈ ಗಿರಾಕಿ ಅದಾರ.”

“ನಿಂಗ ಶನಿ ಭಯ ಇಲ್ಲೇನು? ಕಂಪ್ಯೂಟರಿನಾಗ ಹೊಕ್ಕಾನು.”

“ಅದರಾಗ ಆಗಲೇ ನಾನೂರು ವೈರಸ್ ಅದಾವು. ಇವನೊಬ್ಬ ಬಂದ್ರ ಜಾಗ ಮಾಡಿಕೊಡ್ತಾವು ಬಿಡು.”

ವೆಬ್‌ಕ್ಯಾಮನ್ನು ದುರ್ಬೀನಿಗೆ ಕೂರಿಸಲು ಒಂದೂಕಾಲು ಇಂಚಿನ ಕೊಳವೆ ಬೇಕಾಗಿತ್ತು. ಎಲ್ಲೂ ಸಿಗಲಿಲ್ಲ. ಕೊನೆಗೆ ಅರುಣಕುಮಾರನ ಸ್ಟುಡಿಯೋದ ಕಸದ ಬುಟ್ಟಿಯಲ್ಲಿ, ರೀಲು ಬರುವ ಕಪ್ಪು ಪ್ಲಾಸ್ಟಿಕ್ ಡಬ್ಬಿ ಕಂಡಿತು. ತಳ ಕೊಯ್ದು ತೂರಿಸಿದೆ. ಹೇಳಿ ಮಾಡಿಸಿದಂತೆ ಕೂತಿತು. ಆದರೂ ಚಿತ್ರ ಮಸುಕು. ಅಜ್ಜನ ಪುಟವನ್ನು ಸುಮಲತಾ ಮತ್ತೊಮ್ಮೆ ಓದಿದಳು, ಕನ್ನಡಿಯನ್ನು ಮೇಲಕ್ಕೆ ಸರಿಸಬೇಕಂತೆ. ಪೈಪಿನ ಬುಡದಿಂದ ಎರಡು ಇಂಚು ಗರಗಸದಲ್ಲಿ ಕೊಯ್ದೆ.

ಇನ್ನು ಉಳಿದದ್ದು ಬೆಳಕು. ಕಂಪ್ಯೂಟರನ್ನು ಕಾಂಪ್ಲೆಕ್ಸಿನ ಮಾಳಿಗೆಗೆ ಹೊತ್ತೊಯ್ಯಬಹುದು, ಆದರೆ ಪಕ್ಕದಲ್ಲೇ ಬಸ್‌ಸ್ಟ್ಯಾಂಡಿನ ಹಳದಿ ದೀಪ, ಪೈಪಿನೊಳಗೇ ಬಂದು ಬೀಳುತ್ತಿತ್ತು. ಕರೆಂಟು ಹೋಗಬೇಕು, ಕಂಪ್ಯೂಟರು ಯು.ಪಿ.ಎಸ್. ಮೇಲೆ ನಡೆಯಬೇಕು. ಯು.ಪಿ.ಎಸ್. ನಡೆಯುವುದು ಹದಿನೈದು ನಿಮಿಷ. ನಮ್ಮೂರಲ್ಲಿ ಸಂಜೆ ಏಳರಿಂದ ಒಂಬತ್ತರೊಳಗೆ ಒಮ್ಮೆ ಕರೆಂಟು ಹೋಗುವುದಂತೂ ಗ್ಯಾರಂಟಿ, ಎಷ್ಟೊತ್ತಿಗೆಂದು ಮಾತ್ರ ಯಾರಿಗೂ ಗೊತ್ತಿಲ್ಲ. ಎಲ್ಲವನ್ನೂ ಕ್ರಮವಾಗಿ ಮಾಡೋಣವೆಂದು ನಾನು ಜೀವನದಲ್ಲಿ ಒಮ್ಮೆ ನಿರ್ಧರಿಸಿದೆ. ಕರೆಂಟ್ ಆಫೀಸಿಗೆ ಹೋಗಿ ಅರ್ಜಿ ಕೊಟ್ಟೆ.

ಲೈನ್‌ಮನ್ ಜೋಗಪ್ಪ ಅದನ್ನು ಎರಡು ಸಲ ಓದಿದ. “‘ಏಳೂವರೆಗೆ ಸರಿಯಾಗಿ ಕರೆಂಟು ತೆಗೆದು ಉಪಕಾರ ಮಾಡಬೇಕು.’ ಏನಪಾ ಇದು?”

“ಹೆಂಗೂ ತಗೀತೀರಲ್ಲ. ಟೈಮು ಒಂದು ಹೇಳಿ ತಗೀರಿ ಅಂತ.”

“ನಾವು ತಗ್ಯಂಗಿಲ್ಲ. ಅದು ತಾನೇ ಹೋಗ್ತೈತಿ.”

“ತಾನೇ ಹೆಂಗ ಹೋಗ್ತೈತಿ? ನೀವು ಸ್ವಿಚ್ ಇಳಸಂಗಿಲ್ಲೇನು?”

“ಇಳಸ್ತೀವಿ. ಆದ್ರ ತಗ್ಯಂಗಿಲ್ಲ.” ಜೋಗಪ್ಪ ತಲೆ ಕೆರೆದುಕೊಂಡ. “ಇಪ್ಪತ್ತೆಂಟು ವರ್ಷ ಆತು ಸರ್ವೀಸು. ಕೊಡ್ರಿ ಅಂತ ಅರ್ಜಿ ನೋಡೀನಿ. ತಗೀರಿ ಅಂತ ಇದೇ ಮೊದಲು. ಸಾಹೇಬ್ರಿಗೆ ಇಡ್ತೀನಿ.”

ಸಾಹೇಬರು ಅರ್ಜಿಗೆ ನಂಬರು ಹಾಕಿದರು. ಅಲ್ಲಿಗೆ ಅನಾಹುತವಾಯಿತು. ನಂಬರು ಬಿದ್ದ ಮೇಲೆ ಕರೆಂಟು ಹೋದರೆ ಅದು ಆಫೀಸಿನ ಒಪ್ಪಿಗೆಯಿಂದಲೇ ಹೋಯಿತೆಂದು ಆಗುತ್ತದೆ. ನಾಳೆ ಯಾರಾದರೂ ಕೇಳಿದರೆ? ಹೀಗಾಗಿ ಆ ಸಂಜೆ ಕರೆಂಟು ಹೋಗಲಿಲ್ಲ. ಮಾರನೆಯ ಸಂಜೆಯೂ ಹೋಗಲಿಲ್ಲ. ಮೂರನೆಯ ಸಂಜೆಯೂ ಇಲ್ಲ. ಕೂಡ್ಲಿಗಿಯ ಇತಿಹಾಸದಲ್ಲಿ ಅಂಥ ಬೆಳಕು ಯಾರೂ ಕಂಡಿರಲಿಲ್ಲ. ಹೆಂಗಸರು ಧಾರಾವಾಹಿಗಳನ್ನು ಆದಿಯಿಂದ ಅಂತ್ಯದವರೆಗೆ ನೋಡಿದರು. ಯಾರೋ ದೊಡ್ಡ ಮಂತ್ರಿ ಬರುತ್ತಿದ್ದಾರೆಂದು ಹೋಟೆಲಿನಲ್ಲಿ ಸುದ್ದಿಯಾಯಿತು. ನಾನೊಬ್ಬ ಮಾಳಿಗೆಯ ಮೇಲೆ ನಿಂತು ಹಲ್ಲು ಕಡಿಯುತ್ತಿದ್ದೆ.

ಉಗಾದಿಯ ಹಿಂದಿನ ದಿನ ಓಡಿ ಹೋಗಿ ಅರ್ಜಿ ವಾಪಸ್ ಕೇಳಿದೆ.

“ವಾಪಸ್ ತಗೊಂಡೆ ಅಂತ ಬರಕೊಡು” ಎಂದ ಜೋಗಪ್ಪ. ಬರೆದುಕೊಟ್ಟೆ. ಅವನು ಅದನ್ನು ಫೈಲಿಗೆ ಸೇರಿಸಿ, ದಾರ ಕಟ್ಟಿ, ದೀರ್ಘವಾಗಿ ಉಸಿರು ಬಿಟ್ಟ. “ಇನ್ನ ಜೀವಕ್ಕ ಹಗುರಾತು ನೋಡು.”

ಆ ದಿನ ಶನಿವಾರ, ಮೇಲೆ ಅಮಾವಾಸ್ಯೆ. ನಾನು ಶನಿಯನ್ನು ಹಿಡಿಯಲು ಅದೇ ದಿನ ಆರಿಸಿದ್ದೇನೆಂದು ಊರು ನಂಬಿತ್ತು. ಕಾಂಪ್ಲೆಕ್ಸಿನ ಅಂಗಡಿಗಳು ಆರೂವರೆಗೇ ಬಾಗಿಲೆಳೆದವು. ಮೆಟ್ಟಿಲ ಬುಡದಲ್ಲಿ ಅನ್ನದಾನಮ್ಮ ನಿಂಬೆಹಣ್ಣು ಹಿಡಿದು ನಿಂತಿದ್ದರು. “ನಿನಗಲ್ಲಪಾ, ಆ ಹುಡುಗಿಗೆ” ಎಂದು ಸುಮಲತಾಳಿಗೆ ನಿವಾಳಿಸಿದರು. ಅರುಣಕುಮಾರ ಮಾನಿಟರು ಹೊತ್ತ. ನಾನು ಉಳಿದದ್ದನ್ನು ಹೊತ್ತೆ.

ಏಳು ಇಪ್ಪತ್ತಕ್ಕೆ ಕರೆಂಟು ಹೋಯಿತು. ಊರೆಲ್ಲ ಒಂದೇ ದನಿಯಲ್ಲಿ ನಿಟ್ಟುಸಿರಿಟ್ಟಿತು. ಯು.ಪಿ.ಎಸ್. ಕುಂಯ್ ಎನ್ನತೊಡಗಿತು.

“ಹದಿನೈದು ನಿಮಿಷ” ಎಂದಳು ಸುಮಲತಾ.

ಶನಿ ಪರದೆಯ ಈ ಅಂಚಿನಿಂದ ಬಂದು, ನಾನು ಪೈಪು ಸರಿಸುವಷ್ಟರಲ್ಲಿ ಆ ಅಂಚಿನಿಂದ ಹೋಗುತ್ತಿತ್ತು. ಭೂಮಿ ತಿರುಗುತ್ತದೆಂದು ಮರುಳಪ್ಪ ಮಾಸ್ತರು ಪಾಠ ಮಾಡಿದ್ದರು. ಇಷ್ಟು ಅವಸರದಲ್ಲಿ ತಿರುಗುತ್ತದೆಂದು ಹೇಳಿರಲಿಲ್ಲ.

“ಎಡಕ್ಕ. ಎಡಕ್ಕಲೇ. ನಿನ್ನ ಎಡ ಅಲ್ಲ, ಶನಿ ಎಡ” ಎಂದು ಅರುಣಕುಮಾರ ಒದರಿದ.

“ನಾಲ್ಕು ನಿಮಿಷ ಉಳೀತು.”

“ಫ್ಯಾನಿನ ಕುತ್ತಿಗಿ ಬಿಗಿ ಆಗೈತಿ” ಎಂದೆ.

“ಎಳ್ಳೆಣ್ಣಿ ತರ್ಲೇನು?” ಎಂದ ಅರುಣಕುಮಾರ. ಮೂರು ವಾರದಲ್ಲಿ ಅವನು ಆಡಿದ ಮೊದಲ ತಮಾಷೆ. ನಾನು ನಕ್ಕೆ, ಕೈ ಸಡಿಲವಾಯಿತು, ಪೈಪು ಒಂದು ಕೂದಲಿನಷ್ಟು ಸರಿಯಿತು. ಶನಿ ಪರದೆಯ ನಟ್ಟನಡುವೆ ಬಂದು ನಿಂತಿತು. ಹಳದಿ ಗುಂಡು, ಸುತ್ತ ಉಂಗುರ, ನೀರಿನೊಳಗಿನ ನಾಣ್ಯದ ಹಾಗೆ ನಡುಗುತ್ತಿತ್ತು. ಯು.ಪಿ.ಎಸ್. ಸಾಯುವ ಹೊತ್ತಿಗೆ ಒಂಬೈನೂರ ನಲವತ್ತು ಚಿತ್ರ ಸಿಕ್ಕಿದ್ದವು. ಬೇವು ಬೆಲ್ಲ ತಿನ್ನುವ ಮುಂಚೆ ಸುಮಲತಾ ಅವನ್ನೆಲ್ಲ ನೋಡಿ, ಎಲ್ಲರ ಕಣ್ಣೂ ತೆರೆದಿದ್ದ ಒಂದನ್ನು ಆರಿಸಿ ಪ್ರಿಂಟು ತೆಗೆದುಕೊಟ್ಟಳು.

ಉಗಾದಿಯ ದಿನ, ಹೊಸ ಅಂಗಿ ತೊಟ್ಟು ಹೋಟೆಲಿನಲ್ಲಿ ಕೂತಿದ್ದ ಮಾಸ್ತರ ಮುಂದೆ ಫೋಟೋ ಇಟ್ಟೆ. ಅವರು ನೋಡಿದರು. ತಿರುಗಿಸಿ ಹಿಂಭಾಗ ನೋಡಿದರು.

“ನೆಗೆಟಿವ್ ಎಲ್ಲೈತಿ?”

“ಇದಕ್ಕ ನೆಗೆಟಿವ್ ಇರಂಗಿಲ್ರಿ ಸರ್. ಕಂಪ್ಯೂಟರಿನಾಗ ತಗದದ್ದು.”

“ನೆಗೆಟಿವ್ ಇಲ್ದಿದ್ದು ಫೋಟೋ ಹೆಂಗಾಗ್ತೈತಿ? ಕಂಪ್ಯೂಟರಿನಾಗ ಆನಿಗೆ ರೆಕ್ಕಿ ಹಚ್ಚತಾರ.” ಎಲೆಯಡಿಕೆ ಬಾಯಿಗಿಟ್ಟುಕೊಂಡು ಹೇಳಿದರು, “ಮುಗೀತಲ್ಲ? ನಾಳೆ ಬಾ. ಫಸ್ಟ್ ಬೆಲ್ಲು ಹತ್ತಕ್ಕ.”

ಊರು ನಾನು ಬರುವುದಿಲ್ಲವೆಂದು ತಿಳಿದಿತ್ತು. ಮಾಸ್ತರೂ ಹಾಗೇ ತಿಳಿದಿದ್ದರು. ಅವರೆಲ್ಲ ನನ್ನನ್ನು ಸರಿಯಾಗಿ ಓದಿರಲಿಲ್ಲ.

ಮಾರನೆಯ ದಿನ ಹತ್ತಕ್ಕೆ ಐದು ನಿಮಿಷವಿರುವಾಗ ಖಾಕಿ ಚಡ್ಡಿ, ಬಿಳಿ ಅಂಗಿ ಹಾಕಿಕೊಂಡು, ಕೂದಲು ತುಂಬಿದ ಕಾಲುಗಳನ್ನು ಕೂಡ್ಲಿಗಿಯ ಸಮಸ್ತರಿಗೂ ದರ್ಶನ ಮಾಡಿಸುತ್ತ ಹೈಸ್ಕೂಲಿನ ಗೇಟು ದಾಟಿದೆ. ಹೆಡ್‌ಮಾಸ್ಟರ್ ಕೋಣೆಯಿಂದ ಗೀತಾಂಜಲಿ ಮೇಡಂ ಹೊರಗೆ ಬಂದರು. ಈ ಶಾಲೆಗೆ ಬಂದು ಅವರಿಗೆ ಎರಡೇ ವರ್ಷ, ರೂಲ್ಸು ಬಿಟ್ಟು ಒಂದು ಹೆಜ್ಜೆ ಇಡುವವರಲ್ಲ.

“ಹೆಸರು ರಿಜಿಸ್ಟರಿನಲ್ಲಿ ಇಲ್ಲದವರು ಕ್ಲಾಸಿನಲ್ಲಿ ಕೂರುವ ಹಾಗಿಲ್ಲ.”

“ಐತ್ರಿ ಮೇಡಂ. ನಾ ಟಿ.ಸಿ. ತಗೊಂಡಿಲ್ಲ. 1993ರಾಗ ನೋಡ್ರಿ.”

ಜವಾನ ಧೂಳು ಜಾಡಿಸಿ ತಂದ ರಿಜಿಸ್ಟರನ್ನು ಮೇಡಂ ಹದಿನೈದು ನಿಮಿಷ ನೋಡಿದರು. ನನ್ನ ಹೆಸರಿನ ಮೇಲೆ ಯಾರೂ ಕೆಂಪು ಗೆರೆ ಎಳೆದಿರಲಿಲ್ಲ. ಕಾಗದದ ಪ್ರಕಾರ ನಾನು ಇನ್ನೂ ಒಂಬತ್ತನೇ ಕ್ಲಾಸಿನ ವಿದ್ಯಾರ್ಥಿ, ಬರೀ ಗೈರುಹಾಜರು.

“ಹನ್ನೊಂದು ವರ್ಷದ ಗೈರಿಗೆ ರಜಾ ಅರ್ಜಿ ಬೇಕಾಗುತ್ತೆ” ಎಂದರು ಮೇಡಂ, ಒಂದು ಚೂರೂ ನಗದೆ.

‘ಹೊಟ್ಟೆನೋವಿನ ನಿಮಿತ್ತ’ ಎಂದು ಬರೆದುಕೊಟ್ಟೆ. ಸುಳ್ಳಲ್ಲ. ಹನ್ನೊಂದು ವರ್ಷ ಉರಿದದ್ದು ಹೊಟ್ಟೆಯೇ.

ನನ್ನ ಬೆಂಚು ಅಲ್ಲೇ ಇತ್ತು. ಕಾಲು ಅಷ್ಟೇ ಗಿಡ್ಡ. ಮರುಳಪ್ಪ ಮಾಸ್ತರು ಬಂದು, ಹಾಜರಿ ಕೂಗಿ, ನಲವತ್ತು ಎಳೆ ದನಿಗಳ ನಂತರ ನನ್ನ ದಪ್ಪ ‘ಪ್ರೆಸೆಂಟ್ ಸರ್’ ಕೇಳಿ, ಚಾಕ್‌ಪೀಸು ಕೆಳಗೆ ಬೀಳಿಸಿದರು. ಓಡಿಸಲು ಅವರಿಗೆ ಬರುವಂತಿರಲಿಲ್ಲ, ಬಾ ಎಂದವರು ಅವರೇ. ಇನ್ನು ಪ್ರಶ್ನೆ ಕೇಳುವುದು ವಿದ್ಯಾರ್ಥಿಯ ಹಕ್ಕು.

“ಸರ್, ಉಂಗುರ ಸೊಟ್ಟಗೈತ್ರೇನು?”

“ಇದು ಸಸ್ಯಶಾಸ್ತ್ರದ ಪಿರಿಯಡ್ಡು.”

“ಸಸ್ಯ ಮುಗಿದ ಮ್ಯಾಲೆ ಹೇಳ್ತೀರೇನ್ರಿ ಸರ್?”

ಹೀಗೆ ಐದು ದಿನ. ಆರನೆಯ ದಿನ ಶನಿವಾರ, ಅರ್ಧ ದಿನದ ಶಾಲೆ. ನಲವತ್ತು ಹುಡುಗರೂ ಹುಡುಗಿಯರೂ ಸಂಜೆ ಕಾಂಪ್ಲೆಕ್ಸಿನ ಮಾಳಿಗೆಗೆ ಬಂದು ಸಾಲು ನಿಂತರು. ನಾನು ಕರೆದಿರಲಿಲ್ಲ. ಚಡ್ಡಿ ಹಾಕಿಕೊಂಡ ದೊಡ್ಡ ಮನುಷ್ಯನೊಬ್ಬ ವಾರವಿಡೀ ಒಂದೇ ಪ್ರಶ್ನೆ ಕೇಳಿದರೆ ಮಕ್ಕಳಿಗೆ ಉತ್ತರ ಬೇಕೆನ್ನಿಸುತ್ತದೆ. ಒಬ್ಬೊಬ್ಬರೂ ಕಣ್ಣಿಟ್ಟು ನೋಡಿ, ಮೂಲೆಗೆ ಹೋಗಿ ನೋಟ್‌ಬುಕ್ಕಿನ ಮೇಲೆ ಬಗ್ಗಿ ಬರೆಯತೊಡಗಿದರು.

ಪರೀಕ್ಷೆ ಹತ್ತಿರ ಬಂದಾಗ ಇದೇನೆಂದು ಮಾಸ್ತರು ಬೆತ್ತ ಹಿಡಿದೇ ಮೆಟ್ಟಿಲು ಹತ್ತಿ ಬಂದರು. “ಮನಿಗೆ ನಡೀರಿ ಎಲ್ಲಾರೂ.” ಹತ್ತಿರದಲ್ಲಿದ್ದ ಒಂದು ಹುಡುಗಿಯ ನೋಟ್‌ಬುಕ್ಕು ಕಸಿದು ನೋಡಿದರು. ಶನಿ. ಉಂಗುರ ಸೊಟ್ಟ. ಇನ್ನೊಂದು ಕಸಿದರು. ಸೊಟ್ಟ. ಮೂರನೆಯದು, ನಾಲ್ಕನೆಯದು. ಮಾಳಿಗೆಯ ತುಂಬ ಸೊಟ್ಟ ಉಂಗುರಗಳು.

“ಪರೀಕ್ಷಾದಾಗ ಹಿಂಗೇ ಬರೀತಾರಂತ್ರಿ ಸರ್” ಎಂದೆ. “ನಲವತ್ತು ಸೊನ್ನಿ ಹಾಕಬೇಕಾಗ್ತೈತಿ. ಪೆನ್ನಿನಾಗ ಇಂಕು ಐತೇನು ನೋಡ್ಕೊಳ್ರಿ.”

ಮಾಸ್ತರು ಬೆತ್ತವನ್ನು ಗೋಡೆಗೆ ಒರಗಿಸಿದರು. ಕನ್ನಡಕ ತೆಗೆದು ಜೇಬಿಗಿಟ್ಟರು. ಬೋರ್‌ವೆಲ್ ಪೈಪಿಗೆ ಬಗ್ಗಿದರು. ಬಸ್ಸೊಂದು ಹೊಸಹಳ್ಳಿ ಹೊಸಹಳ್ಳಿ ಎಂದು ಕೂಗಿಸಿಕೊಂಡು ಹೊರಟು ಹೋಯಿತು. ಅವರು ಏಳಲಿಲ್ಲ.

“ಸ್ಟ್ಯಾಂಡು ಸೊಟ್ಟಗೈತೇನು ನೋಡು” ಎಂದರು, ಕಣ್ಣು ತೆಗೆಯದೆ.

ಒಂದು ಕಾಲಿಗೆ ಇಟ್ಟಿಗೆ ಕೊಟ್ಟೆ. ಮತ್ತೆ ಶನಿಯನ್ನು ಹುಡುಕಿ ಹಿಡಿದೆ. ಮತ್ತೆ ನೋಡಿದರು.

“ಆದ್ರೂ ಸೊಟ್ಟಗೈತಲ್ಲೋ.”

“ಹೌದ್ರಿ ಸರ್.”

“ಪುಸ್ತಕದಾಗ ಹಂಗಿಲ್ಲ.” ಈ ಸಲ ಅವರು ಅದನ್ನು ಪುಸ್ತಕದ ಮೇಲಿನ ದೂರಿನಂತೆ ಹೇಳಿದರು. ಆಮೇಲೆ, ನಾನು ಶನಿಯ ಹಿಂದೆ ಪೈಪು ಸರಿಸುತ್ತ ಹೋದಂತೆ, ಹತ್ತು ನಿಮಿಷ ನೋಡಿದರು. ಹಿಂದೆ ನಿಂತ ಹುಡುಗನೊಬ್ಬ, “ಸರ್, ನಮ್ಮ ಪಾಳಿ” ಎಂದು ನೆನಪಿಸಬೇಕಾಯಿತು.

ಮಾಸ್ತರು ನೆಟ್ಟಗೆ ನಿಂತು ಸೊಂಟ ಹಿಡಿದುಕೊಂಡರು. “ಎಲ್ಲೈತಿ ಆ ಪೇಪರು?”

ಅಂಗಡಿಗೆ ಇಳಿದು ಹೋದೆವು, ಹಿಂದೆ ಒಂಬತ್ತನೇ ಕ್ಲಾಸು. ಅರುಣಕುಮಾರ ಕಟ್ಟಿನ ಮೊಳೆ ಕಿತ್ತು ಗಾಜು ತೆಗೆದ. ಅವನ ಮುಖದಲ್ಲಿ ಕಳೆ ಇತ್ತು. ಶನಿ ಕಂಪ್ಯೂಟರಿಗೆ ಹೋಗಿದ್ದಾನೆಂದು ಊರು ತೀರ್ಮಾನಿಸಿದ್ದರಿಂದ ಉಜ್ಜಿನಪ್ಪನವರು ಮರಳಿ ಬಂದಿದ್ದರು. ವಾರದ ನಡುವೆ ನಡೆದ ಮದುವೆಯ ಫೋಟೋಗಳಲ್ಲಿ ಆ ಎಣ್ಣೆಯ ಪೊರೆಯಿಂದ ಮದುಮಗಳ ಮುಖಕ್ಕೆ ಎಲ್ಲೂ ಇಲ್ಲದ ಕಾಂತಿ ಬಂದಿದೆಯೆಂದು ಬೀಗರೂ ಮೆಚ್ಚಿದ್ದರು. ಅನ್ನದಾನಮ್ಮ ಇದನ್ನೆಲ್ಲ ತಮ್ಮ ಹೆಸರಿಗೆ ಬರೆದುಕೊಂಡಿದ್ದರು.

ಮಾಸ್ತರು ಕೆಂಪು ಪೆನ್ನು ತೆಗೆದರು. ಸೊನ್ನೆಯನ್ನು ಹೊಡೆದುಹಾಕಿದರು. ‘ಉಂಗುರ ಸೊಟ್ಟ’ ಎಂಬ ಷರಾದ ಮುಂದೆ ‘ಸರಿ’ ಎಂದು ಸೇರಿಸಿದರು. ಪಕ್ಕದಲ್ಲಿ ಅಂಕ ಬರೆದು ಸಹಿ ಮಾಡಿ, ತಾರೀಖು ಹಾಕಿದರು. ನನಗೆ ಬೇಕಾಗಿದ್ದದ್ದು ಎರಡು, ಬಂದದ್ದು ಮೂರು. ಹುಡುಗರು ಚಪ್ಪಾಳೆ ತಟ್ಟಿದರು. ಹನ್ನೊಂದು ವರ್ಷದ ಮೇಲೆ, ಚಡ್ಡಿಯಲ್ಲಿ, ನಾನು ಒಂಬತ್ತನೇ ಕ್ಲಾಸು ಪಾಸಾದೆ.

ಆದರೆ ಮೂರು.

“ಸರ್, ನಾಲ್ಕಕ್ಕ ಮೂರು ಯಾಕ್ರಿ? ಇನ್ನೊಂದು ಎಲ್ಲಿ ಹೋತು?”

ಮಾಸ್ತರು ಪೆನ್ನಿಗೆ ಮುಚ್ಚಳ ಹಾಕುತ್ತ ಹೇಳಿದರು, “ಭಾಗ ಗುರ್ತಿಸಿಲ್ಲ. ಗೋಳ ಯಾವುದು, ಉಂಗುರ ಯಾವುದು, ಹೆಸರು ಬರದು ಬಾಣ ಹಾಕಬೇಕಿತ್ತು.”

“ಶನೀಗೆ ಬಾಣ ಐತೇನ್ರಿ ಸರ್? ಈಗ ನೋಡಿ ಬಂದ್ರಲ್ಲ, ಬಾಣ ಕಂಡ್ರೇನು?”

“ಪುಸ್ತಕದಾಗ ಐತಿ.”

ನಾನು ಪತ್ರಿಕೆಯನ್ನು ಮತ್ತೆ ಕಟ್ಟಿನೊಳಗಿಟ್ಟು, ಅದೇ ಮೊಳೆಗೆ ತೂಗುಹಾಕಿದೆ. ಚಡ್ಡಿಯನ್ನು ಆ ಸಂಜೆಯೇ ಒಗೆದು ಇಸ್ತ್ರಿ ಮಾಡಿಟ್ಟೆ. ಸೋಮವಾರ ಮೊದಲ ಬೆಲ್ಲು ಹತ್ತಕ್ಕೆ.